ಏಳನೆಯ ಕಾಲು

ಹುಳಕ್ಕೆ ಏಳು ಕಾಲಿದ್ದವು.

ಅಂಜಲಿ ಮೈಕ್ರೊಸ್ಕೋಪಿನಿಂದ ಕಣ್ಣು ತೆಗೆದು, ಕನ್ನಡಕವನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿದಳು. ಎಡಕ್ಕೆ ಮೂರು, ಬಲಕ್ಕೆ ಮೂರು. ಒಣಗಿ ಹೊಟ್ಟೆಯಡಿ ಮಡಚಿಕೊಂಡಿದ್ದ ಕಾಲುಗಳು ಹಿಂದಿನ ದಿನದಿಂದ ಹಬೆಯ ಡಬ್ಬಿಯಲ್ಲಿದ್ದು ಮೆತ್ತಗಾಗಿದ್ದವು. ಸೂಜಿಯ ಮೊನೆ ತಾಗಿಸಿದಂತೆ ಒಂದೊಂದಾಗಿ ಬಿಚ್ಚಿಕೊಂಡವು. ಆರಕ್ಕೂ ತೊಡೆಯಿತ್ತು, ಕಣಕಾಲಿತ್ತು. ಪಾದ ಮಾತ್ರ ಒಂದಕ್ಕೂ ಇರಲಿಲ್ಲ, ಮುರಿದು ಹೋಗಿದ್ದವು. ಏಳನೆಯ ಕಾಲು ಹುಳದ ಮೈಯಲ್ಲಿರಲಿಲ್ಲ. ಹುಳವನ್ನು ಬಿಡಿಸಿ ತೆಗೆದಿದ್ದ ಕಾರ್ಡಿನ ಮೂಲೆಯಲ್ಲಿ, ಒಂದು ಹನಿ ಗೋಂದಿನಲ್ಲಿ, ಪಾದದ ಸಮೇತ ಇಡಿಯಾಗಿ ಅಂಟಿಕೊಂಡು ಹೊಳೆಯುತ್ತಿತ್ತು.

ಕೀಟದ ಕಾಲು ಕಳಚಿದರೆ ಅದನ್ನು ಎಸೆಯಬಾರದು, ಅದೇ ಕಾರ್ಡಿನ ಮೇಲೆ ಪಕ್ಕದಲ್ಲಿ ಅಂಟಿಸಿಡಬೇಕು. ಈ ಕೆಲಸ ಕಲಿಯಲು ಬಂದವರಿಗೆ ಮೊದಮೊದಲೇ ಹೇಳಿಕೊಡುವ ಪದ್ಧತಿಯಿದು. ಹಾಗಾಗಿ ಪಕ್ಕದಲ್ಲಿ ಅಂಟಿಸಿದ ಕಾಲು ಕಂಡರೆ ಅದು ಆ ಹುಳದ್ದೇ ಎಂದು ನಂಬುವುದು ರೂಢಿ. ಅಂಜಲಿಯೂ ನಂಬಿದ್ದಳು. ಹೋದ ವಾರ ಆ ಕಾಲನ್ನು ನೋಡಿಯೇ ಅವಳು ಹುಳದ ಕುಲ ಯಾವುದೆಂದು ತೀರ್ಮಾನ ಮಾಡಿದ್ದಳು. ಇವತ್ತು ದಾಖಲೆಗೆಂದು ಫೋಟೊ ತೆಗೆಯಲು ಕೂರದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

"ತಿಪ್ಪೇಶಣ್ಣ," ಎಂದಳು. "ಈ ಕಾರ್ಡಿಗೆ ಕಾಲು ಹಚ್ಚಿದ್ದು ಯಾರು?"

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಒಂದು ಮಹಡಿಯ ಮೇಲಿದ್ದ ಆ ಖಾಸಗಿ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವರು ಇಬ್ಬರೇ. ರೈತರು ತಂದ ಎಲೆ, ಹುಳ ನೋಡಿ ರೋಗ ಹೇಳುವವಳು ಅಂಜಲಿ. ಮಣ್ಣಿನ ಪರೀಕ್ಷೆ, ತೊಳೆಯುವುದು, ಜೋಡಿಸುವುದು ತಿಪ್ಪೇಶನದು. ಅವನು ಸಂಡೂರಿನಿಂದ ಬಂದಿದ್ದ ಕೆಂಪು ಮಣ್ಣಿನ ಚೀಲ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ನಾನ ರೀ ಮೇಡಂ. ಟ್ರೇದಾಗ ಬಿದ್ದಿತ್ತು. ಪಾಪ, ಕುಂಟ ಹುಳ ಆಗಬಾರ್ದು ಅಂತ ಹಚ್ಚಿಟ್ಟೆ."

"ಆ ಟ್ರೇದಾಗ ಬ್ಯಾರೆ ಹುಳ ಇದ್ದುವಾ?"

"ಇದ್ದುವಲ್ರಿ, ಗಂಗಾವತಿ ಕಡಿಂದ ಬಂದಿದ್ದು. ಬಾಳಿ ಕಾಂಡದವು."

"ಈ ಹುಳಕ್ಕ ಆರೂ ಕಾಲು ಅದಾವು ಅಣ್ಣ."

"ಹಂಗಾರ ಏಳಾತಲ್ರಿ! ದೀಪಾವಳಿ ಬೋನಸ್." ನಗುತ್ತಾ ತಲೆ ಎತ್ತಿದವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಕೈಯ ಮಣ್ಣು ಒರೆಸಿಕೊಳ್ಳುತ್ತಾ ಹತ್ತಿರ ಬಂದ. ಮೆಲ್ಲಗೆ ಕೇಳಿದ, "ನೀವು ಎಣಿಸಿದ್ದಿಲ್ಲೇನ್ರಿ?"

ಅವಳು ಎಣಿಸಿರಲಿಲ್ಲ.

ಬಾಳೆಯನ್ನು ತಿನ್ನುವ ಮೂತಿಹುಳಗಳಲ್ಲಿ ಎರಡು ಕುಲಗಳು ಇಲ್ಲಿ ಮುಖ್ಯ. ಎರಡೂ ಕಪ್ಪು, ಎರಡೂ ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಷ್ಟು ಉದ್ದ, ಎರಡಕ್ಕೂ ಮುಂದೆ ಬಾಗಿದ ಮೂತಿ. ಒಂದು ಬೆಳೆದ ಗಿಡದ ಕಾಂಡ ಕೊರೆಯುತ್ತದೆ; ಅದರ ಹೆಸರು ಓಡೊಯ್ಪೋರಸ್. ತಾಯಿಗಿಡದ ಬುಡದಲ್ಲಿ ಎದ್ದ ಎಳೆಯ ಕಂದುಗಳ ತಂಟೆಗೆ ಅದು ಹೆಚ್ಚಾಗಿ ಹೋಗುವುದಿಲ್ಲ, ಹಾಗಾಗಿ ಅಂಥ ತೋಟದ ಕಂದನ್ನು ಶುಚಿ ಮಾಡಿ ಬೇರೆಡೆ ನೆಡಬಹುದು. ಇನ್ನೊಂದು ಕಾಸ್ಮೊಪಾಲಿಟಿಸ್. ಅದು ನೆಲದೊಳಗಿನ ಗೆಡ್ಡೆಯಲ್ಲಿ ಮೊಟ್ಟೆ ಇಡುತ್ತದೆ. ಅದಿರುವ ತೋಟದಿಂದ ಕಂದು ತಂದರೆ ಹುಳವನ್ನೇ ತಂದು ಬಿತ್ತಿದಂತೆ. ಒಮ್ಮೆ ಆ ಮಣ್ಣಿಗೆ ಇಳಿಯಿತೆಂದರೆ ವರ್ಷಗಟ್ಟಲೆ ಬಿಡದು. ಇವೆರಡನ್ನೂ ಬೇರೆ ಮಾಡಿ ತೋರಿಸುವುದು ಪಾದದ ಮೂರನೆಯ ಗೆಣ್ಣು. ಕಾಂಡದ ಹುಳದಲ್ಲಿ ಅದು ಬೀಸಣಿಗೆಯಂತೆ ಅಗಲ, ಅಡಿಯಲ್ಲಿ ಮೆತ್ತನೆಯ ರೋಮ. ಗೆಡ್ಡೆಯ ಹುಳದಲ್ಲಿ ಅದು ಹಿಂದಿನ ಗೆಣ್ಣಿನಷ್ಟೇ ಸಪೂರ.

ಮೈಯ ಬೇರೆ ಗುರುತುಗಳೂ ಇವೆ. ಆದರೆ ಕಮಲಾಪುರದ ತೋಟದ ಕಾವಲುಗಾರ ಕೊಟ್ರಯ್ಯ ಆ ಹುಳವನ್ನು ಚಪ್ಪಲಿಯಲ್ಲಿ ತುಳಿದು, ಬೆಂಕಿಪೊಟ್ಟಣದಲ್ಲಿ ಹಾಕಿ ತಂದಿದ್ದ. ಬೆನ್ನು ಜಜ್ಜಿಹೋಗಿತ್ತು, ಮೂತಿ ಮುರಿದಿತ್ತು. ಉಳಿದಿದ್ದ ಒಂದೇ ಒಳ್ಳೆಯ ಗುರುತು ಪಕ್ಕದಲ್ಲಿ ಅಂಟಿಸಿದ್ದ ಕಾಲು. ಮೂರನೆಯ ಗೆಣ್ಣು ಬೀಸಣಿಗೆಯಂತಿತ್ತು. "ಕಾಂಡದ ಹುಳ. ಕಂದು ಒಯ್ಯಬಹುದು," ಎಂದು ಅಂಜಲಿ ಬರೆದುಕೊಟ್ಟಿದ್ದಳು.

ಆ ಕಂದುಗಳನ್ನು ಒಯ್ದವಳು ಅವಳ ಅವ್ವ.

ಅವ್ವ ಹಂಪಕ್ಕ ಮತ್ತು ಅವಳ ಕೇರಿಯ ಹೆಂಗಸರು ಹುಟ್ಟಿದಾಗಿನಿಂದ ಬೇರೆಯವರ ತೋಟದಲ್ಲಿ ಬಾಳೆಗೊನೆ ಹೊತ್ತವರು. ಹೆಗಲ ಮೇಲಿನ ಬಾಳೆಹಾಲಿನ ಕಲೆ ಅವರ ರವಿಕೆಗಳಿಂದ ಎಂದೂ ಹೋಗುತ್ತಿರಲಿಲ್ಲ. ಈ ವರ್ಷ ಗುಂಪು ಕಟ್ಟಿಕೊಂಡು ಕಂಪ್ಲಿಯ ಹೊಳೆಯ ಕಡೆ ಒಂದು ತುಂಡು ಭೂಮಿಯನ್ನು ಗುತ್ತಿಗೆಗೆ ಹಿಡಿದಿದ್ದರು. ಬಾಳೆ ಕಾಣದ ಹೊಸ ಮಣ್ಣು. ಅದರಲ್ಲಿ ಸುಗಂಧಿ ಬಾಳೆಯನ್ನೇ ಹಾಕಬೇಕೆಂದು ಹಟ ಹಿಡಿದವಳೂ ಹಂಪಕ್ಕ, ಕಮಲಾಪುರದ ಆ ತೋಟದಿಂದ ಕಂದು ತರೋಣವೆಂದವಳೂ ಹಂಪಕ್ಕ. "ನನ್ನ ಮಗಳು ನೋಡ್ಯಾಳ," ಎಂದು ಹೇಳಿ ಎಲ್ಲರನ್ನೂ ಒಪ್ಪಿಸಿದ್ದಳು. ಇವತ್ತು ಹುಣ್ಣಿಮೆ. ಬೆಳಿಗ್ಗೆ ಬುದ್ಧವಂದನೆ ಹೇಳಿ ಗುಂಡಿ ತೆಗೆಯಲು ಶುರುಮಾಡಿದ್ದರು.

ಅಂಜಲಿ ಫೋನ್ ಮಾಡಿದಾಗ ಆ ಕಡೆ ಹೆಂಗಸರ ನಗು, ಗುದ್ದಲಿಯ ಸದ್ದು ಕೇಳಿಸಿತು.

"ಅವ್ವ, ಕಂದು ನೆಟ್ಟೀರೇನು?"

"ಇನ್ನಾ ಇಲ್ಲ. ಬಿಸಿಲು ಇಳೀಲಿ ಅಂತ ಕುಂತೀವಿ. ಸಂಜಿಗೆ ನಮ್ಮ ನೀರಿನ ಪಾಳಿ. ಯಾಕಬೇ?"

"ಒಂದ್ ನಾಕು ಕಂದು ಸೀಳಿ ನೋಡು. ಗೆಡ್ಡಿ ಒಳಗ ಕಂದು ಬಣ್ಣದ ಗೀರು ಐತೇನು?"

ಕುಡುಗೋಲಿನ ಸದ್ದು. ಯಾರೋ ಏನೋ ಅಂದರು, ಯಾರೋ ನಕ್ಕರು. ಅಂಜಲಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು.

"ಬೆಳ್ಳಗ ಅದಾವು. ಹಾಲಿನಂಗ."

ಆಗಷ್ಟೇ ಇಟ್ಟ ಮೊಟ್ಟೆಯಾದರೆ ಗೀರು ಇರುವುದಿಲ್ಲ. ಅಕ್ಕಿಯ ನುಚ್ಚಿಗಿಂತ ಸಣ್ಣದು, ಸಿಪ್ಪೆಯಡಿ ಹುದುಗಿರುತ್ತದೆ. "ಅವ್ವ, ಇವತ್ತು ನೆಡಬ್ಯಾಡ್ರಿ. ನಾನು ಹುಳ ತಪ್ಪು ನೋಡಿರಬೌದು."

ಆ ಕಡೆ ಸದ್ದು ನಿಂತಿತು. "ನೋಡಿರಬೌದು ಅಂದ್ರ? ತಪ್ಪು ಐತೋ ಇಲ್ಲೋ? ಗಟ್ಟಿ ಹೇಳು."

"ಗಟ್ಟಿ ಗೊತ್ತಿಲ್ಲವ್ವ. ಕಮಲಾಪುರಕ್ಕ ಹೋಗಿ ಜೀವ ಇರೋ ಹುಳ ಹುಡುಕಿ ನೋಡ್ತೀನಿ."

"ಈ ಪಾಳಿ ಬಿಟ್ರ ನೀರು ಮತ್ಯಾವಾಗೋ. ಒಣ ಮಣ್ಣಾಗ ಏನು ಹುಗೀಲಿ? ಇವ್ರೆಲ್ಲಾ ನನ್ನ ಬಾಯಿ ನೋಡಾಕತ್ಯಾರ." ಹಂಪಕ್ಕ ದನಿ ತಗ್ಗಿಸಿದಳು. "ನೀರು ತೂಬಿಗೆ ಬಂದ ಕೂಡ್ಲೆ ಫೋನ್ ಮಾಡ್ತೀನಿ. ಹುಳ ಐತಿ ಅಂದಿ, ನಿಲ್ಲಿಸ್ತೀವಿ. ನೀ ಏನೂ ಅನ್ನಲಿಲ್ಲ, ಇಲ್ಲ ಅಂತ ತಿಳಕೊಂಡು ನೆಡ್ತೀವಿ. ಅಷ್ಟ."

ಸ್ಕೂಟಿಯನ್ನು ಅಂಜಲಿ ಹೇಗೆ ಓಡಿಸಿದಳೋ ಅವಳಿಗೇ ತಿಳಿಯಲಿಲ್ಲ. ಅದಿರಿನ ಲಾರಿಯೊಂದು ಹಾರ್ನ್ ಹೊಡೆದು ಮೈಮೇಲೆ ಬಂದಂತೆ ದಾಟಿಹೋದಾಗಲೂ ಅವಳ ಕಣ್ಣೆದುರು ಇದ್ದದ್ದು ಗೋಂದಿನಲ್ಲಿ ಹೊಳೆಯುವ ಆ ಕಾಲೇ. ನಂಬಿಕೆಯಿಟ್ಟು ಅವಳು ನೋಡಿದ್ದು ಇನ್ನಾವುದೋ ತೋಟದ, ಇನ್ನಾವುದೋ ಹುಳದ ಪಾದವನ್ನು. ಹಾಗಾದರೆ ಈ ಹುಳ ಯಾವುದು? ಉತ್ತರ ಎರಡರಲ್ಲಿ ಒಂದು ಎನ್ನುವುದೇ ಭಯ ಹೆಚ್ಚಿಸುತ್ತಿತ್ತು. ತಾನು ಹೇಳಿದ್ದು ತಪ್ಪು ಕಾರಣಕ್ಕೆ ಸರಿಯೂ ಆಗಿರಬಹುದು. ಆ ಆಸೆಯನ್ನು ಅವಳು ತಳ್ಳಿಹಾಕಲೂ ಆರಳು, ಅಪ್ಪಿಕೊಳ್ಳಲೂ ಆರಳು.

ತೋಟ ಕಮಲಾಪುರ ದಾಟಿದ ಮೇಲೆ, ಬಂಡೆಗುಡ್ಡದ ಬುಡಕ್ಕೆ ಒತ್ತಿಕೊಂಡಿತ್ತು. ಕೊಟ್ರಯ್ಯ ಬೇಲಿಯ ಬಳಿ ಮಂಚದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಪಕ್ಕದಲ್ಲಿ ಎಣ್ಣೆಯ ಖಾಲಿ ಡಬ್ಬಿ, ಒಂದು ಕೋಲು.

"ಬರ್ರಿ ಮೇಡಂ, ಕುಂದ್ರಿ. ನಮ್ಮ ಹುಳ ಏನಂತು? ಬಾಯಿ ಬಿಡ್ತೋ ಇಲ್ಲೋ?"

"ಬಾಯಿ ಎಲ್ಲಿ ಬಿಡ್ತೈತಿ, ನೀವು ತುಳದು ಕೊಟ್ಟೀರಲ್ಲ ಕೊಟ್ರಯ್ಯ."

"ತುಳೀದೆ ಏನ್ ಮುದ್ದು ಮಾಡ್ಲೇನ್ರಿ? ಹರದು ಹೋಗಾಕತ್ತಿತ್ತು, ಕಾಲಿಟ್ಟೆ."

"ಕಂದು ಕಿತ್ತಿದ್ದು ಎಲ್ಲಿ? ಅಲ್ಲಿಗೇ ಹೋಗಬೇಕು."

ಕೊಟ್ರಯ್ಯ ಬೀಡಿ ಆರಿಸಿದ. "ಗುಡ್ಡದ ಮೂಲಿ. ಅಲ್ಲಿಗೆ ಬ್ಯಾಡ್ರಿ. ಮರಿ ಕಟಗೊಂಡು ಒಂದು ಕರಡಿ ಇಳದೈತಿ. ನಿನ್ನಿಂದ ಆಳುಮಕ್ಕಳು ಯಾರೂ ಆ ಕಡಿ ಕಾಲ ಹಾಕಿಲ್ಲ."

"ಹಗಲಾಗ ಇರ್ತೈತೇನು?"

"ಅದಕ್ಕೇನು ಡ್ಯೂಟಿ ಟೈಮ್ ಐತೇನ್ರಿ? ಗಿಡದಾಗ ಹಗಲೇನು, ಇರುಳೇನು, ಎಲ್ಲಾ ತಂಪ."

ಅಂಜಲಿ ಗಡಿಯಾರ ನೋಡಿಕೊಂಡಳು. ಬಿಸಿಲು ಆಗಲೇ ಬಂಡೆಗಳ ಮೇಲೆ ಹಳದಿಯಾಗುತ್ತಿತ್ತು. "ಒಂದ ಹುಳ ಸಿಕ್ಕರ ಸಾಕು. ಬಂದುಬಿಡ್ತೀನಿ."

ಮುದುಕ ಅವಳ ಮುಖವನ್ನೇ ನೋಡಿದ. ಡಬ್ಬಿ ಎತ್ತಿಕೊಂಡ. "ಬದುವಿನ ತನಕ ಬರ್ತೀನಿ. ಮುಂದಕ ನಾ ಬರಂಗಿಲ್ಲ, ನನಗ ಮೊಮ್ಮಕ್ಕಳದಾವು. ಕಂಡ್ರ ಓಡಬ್ಯಾಡ್ರಿ. ಅಲುಗಾಡಬ್ಯಾಡ್ರಿ. ಕೂಗಿದ್ರ ಡಬ್ಬಿ ಬಡೀತೀನಿ."

"ಕೂಗೋಷ್ಟು ಟೈಮ್ ಕೊಡತೈತೇನು?"

"ಅದನ್ನ ಆ ಕರಡೀನ ಕೇಳಬೇಕ್ರಿ."

ಬದು ದಾಟಿದ ಮೇಲೆ ಬೆಳಕು ಹಸಿರಾಯಿತು. ತಲೆಯ ಮೇಲೆ ಎಲೆಗಳು ಒಂದರ ಮೇಲೊಂದು ಬಿದ್ದು ಆಕಾಶವನ್ನು ಮುಚ್ಚಿದ್ದವು. ಕೆಳಗೆ ಒಣಗಿದ ಎಲೆ, ಕೊಳೆತ ದಿಂಡು, ಹೆಜ್ಜೆ ಇಟ್ಟಲ್ಲೆಲ್ಲ ಪಚಪಚ ಸದ್ದು. ಅವಳು ಮೂರು ಹೆಜ್ಜೆಗೊಮ್ಮೆ ನಿಂತು ಕಿವಿಗೊಡುತ್ತಿದ್ದಳು. ಹರಿದ ಎಲೆ ಗಾಳಿಗೆ ಅಲುಗಿದರೂ ಯಾರೋ ಸರಿದಂತೆ. ಲ್ಯಾಬಿನ ರೂಢಿಯಂತೆ ಫೋನಿನ ಸದ್ದು ಆರಿಸಿದ್ದೇನಲ್ಲ ಎಂದು ಮುಟ್ಟಿ ನೋಡಿಕೊಂಡಳು. ಕುರ್ತಾದ ಜೇಬಿನಲ್ಲಿ ಅದು ಬೆಚ್ಚಗಿತ್ತು.

ಮೂಲೆಯಲ್ಲಿ ಕಂದು ಕಿತ್ತ ಗುಂಡಿಗಳು ಬಾಯಿ ತೆರೆದುಕೊಂಡಿದ್ದವು. ಗೊನೆ ಕಡಿದು ಬೀಳಿಸಿದ ಕಾಂಡಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅದರಾಚೆಗೆ ಬಂಡೆಗಳು, ಬಂಡೆಗಳ ನಡುವೆ ಕಪ್ಪು ಬಿರುಕುಗಳು. ಅಂಜಲಿ ಬಿರುಕುಗಳ ಕಡೆ ನೋಡದೆ ಮೊಣಕಾಲೂರಿ, ಒಂದು ಕೊಳೆತ ದಿಂಡನ್ನು ಹೊರಳಿಸಿದಳು. ಎರೆಹುಳು, ಜಿರಲೆ. ಇನ್ನೊಂದು ಹೊರಳಿಸಿದಳು. ಮೂರನೆಯದರ ಅಡಿಯಲ್ಲಿ, ಒದ್ದೆ ಮಣ್ಣಿಗಂಟಿ, ಕಪ್ಪಗೆ ಒಂದು ಹುಳ.

ಬೆಳಕು ಬಿದ್ದ ಕೂಡಲೇ ಅದು ಸತ್ತಿತು. ಸತ್ತಂತೆ ಮಾಡಿತು: ಮೂತಿಯನ್ನು ಎದೆಗೆ ಒತ್ತಿ, ಕಾಲುಗಳನ್ನು ಮೈಗೆ ಸೆಳೆದುಕೊಂಡು, ಒಂದು ಕರಿ ಬೀಜವಾಗಿ ಪಕ್ಕಕ್ಕೆ ಉರುಳಿತು. ಅವಳು ಅದನ್ನು ಚಿಮುಟದಿಂದ ಎತ್ತಿ ಗಾಜಿನ ನಳಿಕೆಗೆ ಹಾಕಿ ಬಿರಡೆ ಬಿಗಿದಳು. ಕೊರಳ ದಾರದಲ್ಲಿದ್ದ ಲೆನ್ಸನ್ನು ಕಣ್ಣಿಗೆ ಹಿಡಿದಳು. ಪಾದಗಳು ಹೊಟ್ಟೆಯಡಿ ಮಡಚಿಹೋಗಿದ್ದವು, ಏನೂ ಕಾಣಲಿಲ್ಲ. "ಏಳು, ಕಾಲು ಚಾಚು," ಎಂದು ಅವಳು ಉಸಿರಲ್ಲೇ ಬೇಡಿಕೊಂಡಳು.

ಆಗ ಉಸಿರಿನ ಸದ್ದು ಕೇಳಿಸಿತು. ಅವಳದಲ್ಲ.

ಯಾರೋ ಸೀಳಿದ ಕೊಳವೆಯಿಂದ ಗಾಳಿಯನ್ನು ಜೋರಾಗಿ ಎಳೆದು ಬಿಡುತ್ತಿದ್ದಂತಿತ್ತು. ಎರಡು ಸಾಲು ಆಚೆ, ಗಿಡಗಳ ಬುಡದಲ್ಲಿ, ಮಣ್ಣು ಕೆರೆಯುವ ಸದ್ದು. ಮೊದಲು ಕಂಡದ್ದು ಮರಿ, ಕೆದರಿದ ಕರಿ ಉಣ್ಣೆಯ ಉಂಡೆ, ಬಿದ್ದ ಕಾಂಡದ ಮೇಲೆ ಹತ್ತಿ ಜಾರುತ್ತಿತ್ತು. ಅದರ ಹಿಂದೆ ತಾಯಿ. ಮೂತಿಯನ್ನು ಗೆದ್ದಲ ಗೂಡಿಗೆ ಹೊಗಿಸಿ ಊದುತ್ತಿತ್ತು, ಹೀರುತ್ತಿತ್ತು. ಮುಂಗಾಲಿನ ಉಗುರುಗಳು ಬಿಳಿಯಾಗಿ, ಉದ್ದವಾಗಿ, ಬೆಳಕಿನ ಒಂದು ಚೂರಿನಲ್ಲಿ ಕಂಡು ಮರೆಯಾದವು.

ಅಂಜಲಿ ಎಲ್ಲಿದ್ದಳೋ ಅಲ್ಲೇ ಉಳಿದಳು. ಮೊಣಕಾಲು ಮಣ್ಣಿನಲ್ಲಿ, ಗದ್ದ ಎದೆಗೆ, ಮೊಣಕೈಗಳು ಹೊಟ್ಟೆಗೆ. ತಾನು ಹಾಗೆ ಮುದುಡಿದ್ದು ಯಾವಾಗ ಎಂದು ಅವಳಿಗೆ ಗೊತ್ತಾಗಲಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು, ರೆಪ್ಪೆ ಬಡಿಯಲೂ ಹೆದರಿಕೆ. ಬದುವಿನ ಆಚೆ ಕೊಟ್ರಯ್ಯ ಕೆಮ್ಮಿದ್ದು ಬೇರೆ ಲೋಕದಿಂದ ಬಂದಂತೆ ಕೇಳಿಸಿತು. ಗಾಳಿ ಗುಡ್ಡದಿಂದ ಇವಳ ಕಡೆ ಬೀಸುತ್ತಿತ್ತು. ತಿರುಗಿ ಬೀಸಿದರೆ ಅದಕ್ಕೆ ವಾಸನೆ ಸಿಗುತ್ತದೆ.

ಎಷ್ಟೋ ಹೊತ್ತಿನ ಮೇಲೆ ಕೈಯೊಳಗೆ ಏನೋ ಕೆರೆದಂತಾಯಿತು. ಹುಳ ಎಚ್ಚೆತ್ತಿತ್ತು.

ನಳಿಕೆ ಕಣ್ಣಿನ ಮುಂದೆಯೇ ಇತ್ತು, ಲೆನ್ಸ್ ಇನ್ನೂ ಬೆರಳಲ್ಲೇ ಇತ್ತು. ಅವಳು ತಲೆ ಎತ್ತಲಿಲ್ಲ, ಲೆನ್ಸನ್ನಷ್ಟೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದಳು. ಮಸುಕು ತಿಳಿಯಾಯಿತು. ಮೂತಿ ಬಿಚ್ಚಿಕೊಂಡಿತು. ಒಂದು ಕಾಲು ಹೊರಬಂತು, ಇನ್ನೊಂದು. ಹುಳ ಗಾಜಿನ ಗೋಡೆಗೆ ಮುಂಗಾಲು ಊರಿ ಹತ್ತಲು ನೋಡಿತು, ಜಾರಿ ಬಿತ್ತು. ಮತ್ತೆ ಊರಿತು, ಮತ್ತೆ ಜಾರಿತು. ಪಾದ ಗಾಜಿಗೆ ಒತ್ತಿದ ಒಂದು ಕ್ಷಣ ಸಾಕಾಯಿತು. ಮೊದಲ ಗೆಣ್ಣು, ಎರಡನೆಯದು, ಮೂರನೆಯದು. ಮೂರನೆಯದು ಸಪೂರ. ಬೀಸಣಿಗೆಯಿಲ್ಲ, ರೋಮದ ಮೆತ್ತೆಯಿಲ್ಲ. ಒಂದು, ಎರಡು, ಮೂರು... ಅವಳು ಈ ಸಲ ಕಾಲುಗಳನ್ನೂ ಎಣಿಸಿದಳು. ಆರು. ಆರರ ಪಾದವೂ ಹಾಗೆಯೇ.

ಗೆಡ್ಡೆಯ ಹುಳ. ಕಂಪ್ಲಿಯ ಕಂದಿನ ರಾಶಿಯಲ್ಲಿರುವುದು ಇದೇ.

ಜೇಬಿನಲ್ಲಿ ಫೋನ್ ನಡುಗತೊಡಗಿತು.

ಆ ಮೌನದಲ್ಲಿ ಅದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಕರಡಿ ಮೂತಿ ಎತ್ತಿತು. ಮರಿ ಓಡಿಹೋಗಿ ತಾಯಿಯ ಕಾಲಡಿ ಸೇರಿತು. ಅಂಜಲಿಗೆ ಗೊತ್ತಿತ್ತು, ನೀರು ತೂಬಿಗೆ ಬಂದಿದೆ. ಅವ್ವ ಬದುವಿನ ಮೇಲೆ ನಿಂತು, ಫೋನ್ ಕಿವಿಗೆ ಹಿಡಿದು, ಉಳಿದವರ ಮುಖ ನೋಡುತ್ತಿದ್ದಾಳೆ. ಮೆಸೇಜು ಕಳಿಸಿದರೆ ಅವಳು ನೋಡುವವಳಲ್ಲ. ಅದೆಲ್ಲ ಕಂಪನಿಯವರ ಕಾಟ ಅನ್ನುವವಳು. ಫೋನಿನ ನಡುಕ ನಿಂತಿತು. ಏನೂ ಅನ್ನಲಿಲ್ಲ ಎಂದರೆ ನೆಡುತ್ತೇವೆ, ಅಷ್ಟೇ.

ಹೆಂಗಸರ ಕೈ ಎಷ್ಟು ಚುರುಕೆಂದು ಅವಳು ಬಲ್ಲಳು. ಕಂದು ಗುಂಡಿಗಿಳಿದು ನೀರು ತಾಕಿದರೆ, ಸಿಪ್ಪೆಯ ಸಂದಿಯಲ್ಲಿ ಅಡಗಿರುವ ಹುಳ ಹೊರಬಿದ್ದು ಆ ಹೊಸ ಮಣ್ಣಿನಲ್ಲಿ ತನ್ನ ಪಾಡಿಗೆ ನಡೆದುಬಿಡುತ್ತದೆ. ಕರಡಿ ಹೋಗುವ ಲಕ್ಷಣ ಕಾಣಲಿಲ್ಲ. ಮೂತಿ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ, ಇವಳಿದ್ದ ದಿಕ್ಕಿಗೆ ಗಾಳಿ ಎಳೆಯುತ್ತಿತ್ತು.

ಫೋನ್ ಮತ್ತೆ ನಡುಗಿತು.

ಮುಂದೆ ಎಷ್ಟೋ ದಿನ ಅವಳು ಆ ಹೊತ್ತನ್ನು ನೆನೆಸಿಕೊಂಡು ನೋಡಿದ್ದಾಳೆ. ಧೈರ್ಯವೆಂದು ಹೇಳಲು ಅಲ್ಲಿ ಏನೂ ಇರಲಿಲ್ಲ. ಎರಡು ಭಯಗಳಿದ್ದವು, ಒಂದು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿತ್ತು. ಅವಳು ಜೇಬಿಗೆ ಕೈ ಹಾಕಿ, ಗುಂಡಿ ಒತ್ತಿ, ಗಂಟಲು ಹರಿಯುವಂತೆ ಕೂಗಿದಳು:

"ಅವ್ವಾ, ನೆಡಬ್ಯಾಡ್ರಿ! ಹುಳ ಐತಿ! ಕಿತ್ತು ಹಾಕ್ರಿ!"

ಕರಡಿ ಎರಡು ಕಾಲಮೇಲೆ ಎದ್ದಿತು. ಎದೆಯ ಮೇಲಿನ ಬಿಳಿ ಗುರುತು ಕಂಡಿತು, ತೆರೆದ ಬಾಯಿ ಕಂಡಿತು. ನೆಲ ನಡುಗುವಂಥ ಒಂದು ಗುಟುರು. ಅದು ಇವಳ ಕಡೆ ನುಗ್ಗಿತು. ಒಂದು ಬಾಳೆಗಿಡ ಲಟಕ್ಕನೆ ಮುರಿದುಬಿತ್ತು. ಅದೇ ಹೊತ್ತಿಗೆ ಬದುವಿನಿಂದ ಡಬ್ಬಿಯ ಸದ್ದು ಎದ್ದಿತು. ಢಣಢಣ ಢಣಢಣ, ಜೊತೆಗೆ ಕೊಟ್ರಯ್ಯನ ಬಾಯಿಗೆ ಬಂದ ಬೈಗುಳ. ಕರಡಿ ನಿಂತಿತು. ಹಿಂದಕ್ಕೆ ತಿರುಗಿತು. ಮರಿ ಅದರ ಬೆನ್ನಿನ ಕೂದಲು ಹಿಡಿದು ಹತ್ತಿಕೊಂಡಿತು, ಎರಡೂ ಬಂಡೆಯ ಬಿರುಕಿನೊಳಗೆ ಕರಗಿಹೋದವು.

ಕೊಟ್ರಯ್ಯ ಬದು ದಾಟಿ ಬಂದಾಗ ಅವಳು ಇನ್ನೂ ಮುದುಡಿ ಕೂತಿದ್ದಳು. ಅವನು ಅವಳ ಮುಷ್ಟಿಯಿಂದ ನಳಿಕೆಯನ್ನು ಬಿಡಿಸಲು ನೋಡಿ, ಆಗದೆ, ಹಾಗೆಯೇ ಎಬ್ಬಿಸಿ ನಿಲ್ಲಿಸಿದ. "ಸಿಕ್ತೇನ್ರಿ?" ಎಂದ. ಅವಳು ತಲೆಯಾಡಿಸಿದಳು. "ಇದನ್ನಾರ ತುಳೀಲಿಲ್ಲ ನೋಡ್ರಿ ನಾನು," ಎಂದು ನಗಲು ನೋಡಿದ.

ಕಂಪ್ಲಿಯ ಹೊಲ ಮುಟ್ಟುವಾಗ ಸೂರ್ಯ ಹೊಳೆಯಾಚೆಗೆ ಇಳಿದಿದ್ದ. ಹೆಂಗಸರು ಕಂದಿನ ರಾಶಿಯ ಸುತ್ತ ಸುಮ್ಮನೆ ಕೂತಿದ್ದರು. ಅವ್ವನ ಮೊದಲ ಫೋನ್ ಎತ್ತದಿದ್ದಾಗ ಕೆಲವರು ನೆಡಲು ಶುರುಮಾಡಿಬಿಟ್ಟಿದ್ದರು. ಈಗ ನೆಟ್ಟದ್ದನ್ನೆಲ್ಲ ಕಿತ್ತು ತಂದು ರಾಶಿಗೆ ಹಾಕಿದ್ದರು. ಎಲ್ಲರಿಗಿಂತ ಚುರುಕಾಗಿ ನೆಟ್ಟವಳು ಗಾಳೆಮ್ಮ, ಅವ್ವನ ಓರಗೆಯವಳು, ಬಾಯಿ ಜೋರು.

"ಬಂದ್ಲು ನೋಡ್ರಬೇ ಡಾಕ್ಟರಮ್ಮ. ಹ್ವಾದ ವಾರ ನೆಡ್ರಿ ಅಂದ್ಲು, ಇವತ್ತು ಕೀಳ್ರಿ ಅಂತಾಳ. ನಾಳೆ ಹೊಳಿಗೆ ಹಾರ್ರಿ ಅಂದ್ರ ಅದನ್ನೂ ಮಾಡೋಣೇನು ಹಂಪಕ್ಕ?"

ಹಂಪಕ್ಕ ಹತ್ತಿರ ಬಂದಳು. ಮಗಳ ಮೊಣಕಾಲಿನ ಮಣ್ಣು ನೋಡಿದಳು, ಮುಖ ನೋಡಿದಳು. "ಫೋನಿನಾಗ ಏನದು, ಗುರ್ ಅಂದಿದ್ದು?"

"ಆಮ್ಯಾಲೆ ಹೇಳ್ತೀನವ್ವ." ಅಂಜಲಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ತಪ್ಪು ನಂದ. ಬ್ಯಾರೆ ಹುಳದ ಕಾಲು ನೋಡಿ ಇದರದು ಅಂದೆ. ಕಾಲು ಎಷ್ಟದಾವು ಅಂತ ಎಣಿಸಲಿಲ್ಲ."

ಹೆಂಗಸರು ತಲೆ ತಗ್ಗಿಸಿ ರಾಶಿಯ ಕಂದುಗಳನ್ನು ಹೊರಳಿಸಿ ನೋಡತೊಡಗಿದರು. ಗಾಳೆಮ್ಮ ಕೂಡ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಂಜಲಿಗೆ.

ಮಾಡಲು ಒಂದೇ ದಾರಿಯಿತ್ತು. ಪ್ರತಿ ಕಂದಿನ ಗೆಡ್ಡೆಯನ್ನು ಬೆಳ್ಳಗಾಗುವ ತನಕ ಹೆರೆಯಬೇಕು, ಗೀರಿದ್ದರೆ ಸುಡಬೇಕು, ಇಲ್ಲದ್ದನ್ನು ಬಿಸಿನೀರಿನಲ್ಲಿ ಅದ್ದಬೇಕು. ನೀರು ಕೈ ಸುಡುವಷ್ಟಿರಬೇಕು, ಕುದಿಯಬಾರದು. ಹೆಚ್ಚಾದರೆ ಕಂದು ಬೇಯುತ್ತದೆ, ಕಡಿಮೆಯಾದರೆ ಮೊಟ್ಟೆ ಉಳಿಯುತ್ತದೆ. ಪಕ್ಕದ ಹೊಲದಲ್ಲಿ ಬೆಲ್ಲದ ಗಾಣವಿತ್ತು. ಹಂಪಕ್ಕ ಹೋಗಿ ಕೇಳಿ, ಬೆಲ್ಲ ಕಾಸುವ ದೊಡ್ಡ ಕೊಪ್ಪರಿಗೆಗೆ ನೀರು ತುಂಬಿಸಿ, ಕಬ್ಬಿನ ಸಿಪ್ಪೆಯ ಬೆಂಕಿ ಹಾಕಿಸಿದಳು. ಅಂಜಲಿ ಚೀಲದಿಂದ ಥರ್ಮಾಮೀಟರ್ ತೆಗೆದು ಅದರ ಕೆಂಪು ಗೆರೆಯನ್ನೇ ನೋಡುತ್ತಾ ನಿಂತಳು. ಗೆರೆ ಏರಿದರೆ ಬೆಂಕಿ ಹಿಂದಕ್ಕೆ ಎಳೆಸಿದಳು, ಇಳಿದರೆ ಸಿಪ್ಪೆ ಹಾಕಿಸಿದಳು.

ಹೆಂಗಸರು ಬೆಂಕಿಯ ಬೆಳಕಿನಲ್ಲಿ ಹೆರೆಯುತ್ತಾ ಕೂತರು. ಬಿಳಿ. ಬಿಳಿ. ಎಲ್ಲವೂ ಬಿಳಿ.

"ನೋಡ್ರಿ, ಏನೂ ಇಲ್ಲ," ಎಂದು ಗೊಣಗಿದ ಗಾಳೆಮ್ಮ ತಾನೇ ನೆಟ್ಟು ತಾನೇ ಕಿತ್ತಿದ್ದ ಒಂದು ಕಂದನ್ನು ಎತ್ತಿಕೊಂಡಳು. ಹೆರೆದಳು. ಕುಡುಗೋಲು ಅರ್ಧಕ್ಕೆ ನಿಂತಿತು. ಬಿಳಿಯ ನಡುವೆ ದಾರದಂಥ ಒಂದು ಕಂದು ಬಣ್ಣದ ಗೀರು. ಅದರ ತುದಿಯಲ್ಲಿ ಕೆಂಪು ತಲೆಯ, ಕಾಲೇ ಇಲ್ಲದ, ಬೆಣ್ಣೆ ಬಣ್ಣದ ಒಂದು ಮರಿಹುಳ ಬೆಳಕಿಗೆ ಮೈ ಹೊರಳಿಸಿತು. ಗಾಳೆಮ್ಮ ಕಂದನ್ನು ಬೆಂಕಿಗೆ ಎಸೆದು, ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. "ಇದು ನಮ್ಮ ಮಣ್ಣಾಗ ಇತ್ತಲ್ಲಬೇ," ಎಂದಳು ಸಣ್ಣ ದನಿಯಲ್ಲಿ.

ಅಂಜಲಿ ಅವಳ ಕಡೆ ತಿರುಗಿದಳು. "ನೆಟ್ಟಿದ್ದೆಲ್ಲಾ ಕಿತ್ತೀರೇನು? ಒಂದೂ ಬಿಟ್ಟಿಲ್ಲಲ್ಲ?"

"ಎಲ್ಲಾ ಕಿತ್ತೀವಿ." ಆಮೇಲೆ, "ಕಿತ್ತೀವಿ ಅನಸ್ತೈತಿ."

ನೀರಿನ ಪಾಳಿಯನ್ನು ಅವರು ಬಿಟ್ಟಿರಲಿಲ್ಲ. ಬಿಸಿನೀರಿಗದ್ದಿದ ಕಂದುಗಳನ್ನು ನಾಳೆ ನೆಡಲು ಮಣ್ಣು ಹದವಾಗಲೆಂದು ತೂಬು ತೆರೆದಿದ್ದರು. ಕಾಲುವೆಯ ನೀರು ಮೊದಲ ಸಾಲಿಗೆ ಆಗಲೇ ಇಳಿದಿತ್ತು. ಅಂಜಲಿ ಥರ್ಮಾಮೀಟರನ್ನು ಅವ್ವನ ಕೈಗಿಟ್ಟು, ಗೆರೆ ಎಲ್ಲಿರಬೇಕೆಂದು ಉಗುರಿನಿಂದ ತೋರಿಸಿ, ಹೊಲಕ್ಕೆ ಓಡಿದಳು.

ಮಬ್ಬು ಬೆಳಕಿನಲ್ಲಿ ಗುಂಡಿಗಳು ಕಪ್ಪಗೆ ಕಾಣುತ್ತಿದ್ದವು. ಒಂದೊಂದರಲ್ಲೂ ಮೊಣಕೈವರೆಗೆ ಕೈ ಹಾಕಿ ಮಣ್ಣು ತಡಕಿದಳು. ಖಾಲಿ. ಮುಂದಿನದು ಖಾಲಿ. ಹಿಂದೆ ನೀರು ಗುಳುಗುಳು ಸದ್ದು ಮಾಡುತ್ತಾ ಬರುತ್ತಿತ್ತು, ಅವಳು ಬಿಟ್ಟ ಗುಂಡಿಯನ್ನು ತುಂಬಿ ಮುಂದಿನದಕ್ಕೆ ಕಾಲು ಚಾಚುತ್ತಿತ್ತು. ಅವಳು ನೀರಿಗಿಂತ ಒಂದೇ ಗುಂಡಿ ಮುಂದಿದ್ದಳು. ಬೆನ್ನಮೇಲೆ ಆ ಕರಡಿಯ ಉಸಿರು ಇನ್ನೂ ಬೀಳುತ್ತಿದ್ದಂತಿತ್ತು.

ಬದುವಿನ ಹತ್ತಿರದ ಸಾಲಿನಲ್ಲಿ ಬೆರಳಿಗೆ ನುಣ್ಣಗೆ, ತಣ್ಣಗೆ ಏನೋ ತಾಕಿತು. ಕಲ್ಲಿರಬೇಕೆಂದು ಬೇಡಿಕೊಳ್ಳುತ್ತಾ ಎಳೆದಳು. ಕಂದು. ಅರ್ಧ ಮುಚ್ಚಿದ್ದ ಮಣ್ಣು ಅದರ ಮೈಯಿಂದ ಉದುರಿತು.

"ಇನ್ನೊಂದು ಐತಿ!" ಎಂದು ಕೂಗಿದಳು.

"ತಾ, ಜಲ್ದಿ ತಾ!" ಗಾಳೆಮ್ಮ ಬೆಂಕಿಯ ಬಳಿಯಿಂದ ಓಡಿಬಂದು ಅದನ್ನು ಕಿತ್ತುಕೊಂಡಳು.

ಅಂಜಲಿ ಸೊಂಟ ನೆಟ್ಟಗೆ ಮಾಡಿ ನಿಂತಳು. ಹಿಂದೆ ತಿರುಗಿ, ತಾನು ಮುಟ್ಟಿ ಬಂದ ಗುಂಡಿಗಳನ್ನು ನೋಡಿದಳು. ಎಲ್ಲದರಲ್ಲೂ ನೀರು ನಿಂತು, ಪ್ರತಿಯೊಂದರಲ್ಲೂ ಒಂದೊಂದು ಹುಣ್ಣಿಮೆಯ ಚಂದ್ರ ಅಲುಗುತ್ತಿದ್ದ. ಎಲ್ಲವನ್ನೂ ಮುಟ್ಟಿದ್ದೆನೋ? ಅವಸರದಲ್ಲಿ ಒಂದನ್ನು ದಾಟಿ ಬಂದಿದ್ದೆನೋ? ಖಾತ್ರಿಯಾಗಲಿಲ್ಲ.

ಅವಳು ತೋಳು ಮೇಲಕ್ಕೇರಿಸಿಕೊಂಡು ಮೊದಲ ಸಾಲಿಗೆ ಹೋದಳು. ಮೊದಲ ಗುಂಡಿಯ ನೀರಿಗೆ ಕೈ ಇಳಿಸಿ, ತಳ ಮುಟ್ಟುವ ತನಕ ತಡಕಿ, "ಒಂದು," ಎಂದು ಗಟ್ಟಿಯಾಗಿ ಎಣಿಸಿದಳು.